ಊಟದ ಹೊತ್ತಿಗೆ ಬರುತ್ತಿದ್ದ ವಾಸನೆ

ನಾಯಿ ಕುಂಡೆಯನ್ನು ನೆಲಕ್ಕೆ ಊರಿ, ಮುಂಗಾಲಿನಲ್ಲಿ ಮೈ ಎಳೆದುಕೊಂಡು ಹಿತ್ತಲ ಜಗಲಿಯ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಮೊದಲ ಸಲ ನೋಡಿದಾಗ ಶಾಂತಮ್ಮ ಬಿದ್ದು ಬಿದ್ದು ನಕ್ಕಿದ್ದಳು. ಆ ಮನೆಯಲ್ಲಿ ನಗುವುದಕ್ಕೆ ಕಾರಣಗಳು ಕಡಿಮೆ, ಸಿಕ್ಕಿದ್ದನ್ನು ಅವಳು ಬಿಡುತ್ತಿರಲಿಲ್ಲ. ಆದರೆ ನಾಯಿ ನಡುವೆ ನಿಂತು, ಯಾರೋ ಬಾಲ ಮುಟ್ಟಿದ ಹಾಗೆ ಸರಕ್ಕನೆ ಹಿಂದಕ್ಕೆ ತಿರುಗಿ ನೋಡಿತು. ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ದೂರ ಎಳೆದುಕೊಂಡು ಹೋಗಿ ಮತ್ತೆ ತಿರುಗಿ ನೋಡಿತು. ಶಾಂತಮ್ಮನ ನಗು ಅಲ್ಲಿಗೆ ನಿಂತಿತು.

ಅವಳು ಸರಗೂರಿನ ಹೆಣ್ಣು. ಮದುವೆಯಾಗಿ ದೋಣಿಯಲ್ಲಿ ಕಬಿನಿ ದಾಟಿ ಪೆರಿಕಲ್ಲೂರಿಗೆ ಬಂದಾಗ, ಹೊಳೆಯ ಈಚೆ ದಡದಲ್ಲಿ ಮಾತೇ ಬೇರೆಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಎರಡರಲ್ಲೂ ಜಗಳವಾಡುವುದನ್ನು ವರ್ಷ ತುಂಬುವುದರೊಳಗೆ ಕಲಿತಳು. ಗಂಡ ಪಾರ್ಶ್ವನಾಥ ಗೌಡರದು ಅಲ್ಲಿಯ ಹಳೆಯ ಜೈನ ಮನೆತನ. ಗದ್ದೆ, ಮೆಣಸು, ಸ್ವಲ್ಪ ಕಾಫಿ. ಮೆತ್ತಗಿನ ಮಾತಿನ ಮನುಷ್ಯ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಹುಳುವನ್ನೂ ಬಾವಿಗೇ ಬಿಡುವವರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕದವರು. ದೀಪಕ್ಕೆ ಬಿದ್ದ ಹುಳ ಅನ್ನಕ್ಕೆ ಬಿದ್ದು ಸತ್ತೀತು ಎಂಬ ಭಯ ಅವರಿಗೆ. ಹೀಗಾಗಿ ದಿನವೂ ಸೂರ್ಯ ಹೊಳೆಯಾಚೆಯ ಕಾಡಿನ ನೆತ್ತಿಗೆ ತಾಗುವ ಹೊತ್ತಿಗೆ ಅವರು ಗದ್ದೆಯಿಂದ ಬಂದು, ಕೆಮ್ಮಿ ತಾವು ಬಂದದ್ದು ತಿಳಿಸಿ, ಕಾಲು ತೊಳೆದು, ಎಲೆಯ ಮುಂದೆ ಕೂರುತ್ತಿದ್ದರು. ಗಡಿಯಾರ ಇಲ್ಲದಿದ್ದರೂ ಆ ಮನೆ ನಡೆಯುತ್ತಿತ್ತು.

ಆಗ ನಕ್ಸಲರು ಪೊಲೀಸರ ಮೇಲೆ ಬಿದ್ದ ಪುಲ್ಪಳ್ಳಿಯ ಗಲಾಟೆಯಾಗಿ ಎರಡು ವರ್ಷ ಕಳೆದಿತ್ತು. ನಕ್ಸಲರನ್ನು ಹುಡುಕುವ ಜೀಪುಗಳು ಇನ್ನೂ ಕೆಮ್ಮಣ್ಣಿನ ದಾರಿಯಲ್ಲಿ ಓಡಾಡುತ್ತಿದ್ದವು. ಯಾರಾದರೂ ಕಾಣೆಯಾದರೆ ಜನ ಹುಡುಕುತ್ತಿರಲಿಲ್ಲ, ಕಾಡು ಸೇರಿದ ಎಂದು ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಅದೇ ಹೊತ್ತಿಗೆ, ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡವನಿಗೆ ಗುಡಿಸಲಿನ ನೆಲ ಸೇರುತ್ತದೆ ಎಂಬ ಹೊಸ ಕಾಯಿದೆಯೂ ಬಂದಿತ್ತು. ಜಮೀನುದಾರರಿಗೆ ನಿದ್ದೆ ಇಲ್ಲ. ಪಕ್ಕದ ಎಸ್ಟೇಟಿನವರು ಗುಡಿಸಲು ಕೀಳಿಸುವುದಕ್ಕೆಂದೇ ಘಟ್ಟದ ಕೆಳಗಿನಿಂದ ರೌಡಿಗಳನ್ನು ಕರೆಸಿ ಇಟ್ಟುಕೊಂಡಿದ್ದರು.

ಗೌಡರ ಅಂಗಳದ ಕೆಳಗೆ ಗುಡಿಸಲು ಹಾಕಿಕೊಂಡಿದ್ದವನು ಕಾಡುನಾಯ್ಕರ ವೆಳ್ಳನ್. ಗದ್ದೆ ಕೆಲಸದ ಆಳು. ಗುಡಿಸಲು ಬಿಡು ಎಂದರೆ, ನಮ್ಮಪ್ಪ ಸತ್ತದ್ದು ಈ ನೆಲದಾಗೆ, ನಾನೂ ಇಲ್ಲೇ ಸಾಯ್ತೀನಿ ಎಂದು ನಗುತ್ತಿದ್ದ. ಹೊಳೆ ತುಂಬಿ ಹರಿಯುವ ಆಷಾಢದ ಒಂದು ಬೆಳಗ್ಗೆ ಅವನು ಇರಲಿಲ್ಲ. ಅವನ ಕೆಂಪು ನಾಯಿ ಕೆಂಚ ಮಾತ್ರ ಮೈಯೆಲ್ಲ ತೊಯ್ದು, ಗದ್ದೆಯ ಬದುವಿನ ಮೇಲೆ ನಡುಗುತ್ತಾ ಬಿದ್ದಿತ್ತು. ಮಳೆಯಲ್ಲಿ ನೆನೆದಿರಬೇಕು ಎಂದುಕೊಂಡು ಶಾಂತಮ್ಮ ಗೋಣಿಚೀಲ ಹೊದಿಸಿದ್ದಳು. ಮಳೆ ಹಿಂದಿನ ಸಂಜೆಯೇ ನಿಂತಿತ್ತು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. "ಅವನು ನಕ್ಸಲರ ಜೊತೆ ಸೇರ್ಕೊಂಡ. ಹೊಳೆ ದಾಟಿ ಬೈರಕುಪ್ಪೆ ಕಡೆ ಹೋದನಂತೆ" ಎಂದರು ಗೌಡರು. ವೆಳ್ಳನ್‌ನ ಹೆಂಡತಿ ಕಾರ್ತು ಆ ರಾತ್ರಿ ಕಾಡಂಚಿನ ಹಾಡಿಯಲ್ಲಿ ಅಣ್ಣನ ಮನೆಯಲ್ಲಿದ್ದವಳು ಅಲ್ಲೇ ಉಳಿದುಬಿಟ್ಟಳು. ಗುಡಿಸಲು ಕಿತ್ತು ಆ ಜಾಗದಲ್ಲಿ ಶುಂಠಿ ಹಾಕಿದ್ದಾಯಿತು. ಕೆಂಚ ಹಾಡಿಗೆ ಹೋಗಿ ಹೋಗಿ ವಾಪಸು ಬಂದು, ಶುಂಠಿ ಪಾತಿಯ ನಡುವೆ ಮಲಗುತ್ತಿತ್ತು. ಶಾಂತಮ್ಮ ಅನ್ನ ಹಾಕಿದಳು. ಅದು ಹಿತ್ತಲ ಜಗಲಿಗೆ ಬಂತು.

ಗೌಡರಿಗೆ ಅದು ಬೇಡವಾಗಿತ್ತು. "ಹೊಳೆಯಾಚೆ ಬಿಟ್ಟು ಬರೋಕೆ ಹೇಳ್ತೀನಿ" ಎಂದರು.

"ಶರಣು ಬಂದ ಜೀವನ ಓಡಿಸೋ ಮನೆಯಾ ಇದು? ನೀವೇ ಹೇಳಿ" ಎಂದಳು ಶಾಂತಮ್ಮ. ಆ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ. ನಾಯಿ ಉಳಿಯಿತು.

ದೀಪಾವಳಿಯ ಹೊತ್ತಿಗೆ ಮನೆಯೊಳಗೆ ಆ ವಾಸನೆ ಶುರುವಾಯಿತು. ಎಂಥದು ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಕೊಳೆತ ಎಲೆಯಲ್ಲ, ಸತ್ತ ಇಲಿಯಲ್ಲ. ನೀರಿನೊಳಗೆ ಬಹಳ ದಿನ ಇದ್ದ ಏನೋ ಒಂದು ಮೇಲೆ ಬಂದು ಬಾಗಿಲ ಹತ್ತಿರ ನಿಂತ ಹಾಗೆ. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅದರ ಹೊತ್ತು. ಹಗಲೆಲ್ಲ ಇರುವುದಿಲ್ಲ. ಸೂರ್ಯ ಕಾಡಿನ ನೆತ್ತಿಗೆ ತಾಗಬೇಕು, ಎಲೆ ಹಾಕಬೇಕು, ಅನ್ನದ ಮೇಲೆ ತುಪ್ಪ ಬೀಳಬೇಕು, ಆಗ ಹಿತ್ತಲ ಕಡೆಯಿಂದ ಮೆಲ್ಲಗೆ ಒಳಗೆ ಬರುತ್ತಿತ್ತು. ಕರೆಯದೆ ಊಟಕ್ಕೆ ಬಂದವನ ಹಾಗೆ. ಗೌಡರ ಕೈ ಎಲೆಯ ಮೇಲೆ ನಿಲ್ಲುತ್ತಿತ್ತು. ಹೊತ್ತು ಮುಳುಗಿಬಿಡುತ್ತಿತ್ತು. ಮುಳುಗಿದ ಮೇಲೆ ಉಣ್ಣುವಂತಿಲ್ಲ. ಎಷ್ಟೋ ಸಂಜೆ ಅವರು ಬರೀ ಹೊಟ್ಟೆಯಲ್ಲಿ ಎದ್ದು ಹೋದರು.

ಗೌಡರು ಪುರೋಹಿತರನ್ನು ಕರೆಸಿದರು. ಪದ್ಮಾವತಿ ಅಮ್ಮನವರ ಪೂಜೆ ಮಾಡಿಸಿ, ಪ್ರತಿ ಬಾಗಿಲಿಗೂ ಗಂಧೋದಕ ಪ್ರೋಕ್ಷಿಸಿದರು. ಆ ಸಂಜೆಯೂ ವಾಸನೆ ಬಂತು. ಯಾವುದೋ ವ್ಯಂತರದ ಕಾಟ ಇರಬಹುದು ಎಂದು ಹೇಳಿ ಪುರೋಹಿತರು ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡರು.

ಹಾಡಿಯಿಂದ ವಾರಕ್ಕೊಮ್ಮೆ ಕಾರ್ತು ಬರುತ್ತಿದ್ದಳು. ಗೌಡರು ಇಲ್ಲದ ಹೊತ್ತು ನೋಡಿ ಹಿತ್ತಲಿನಲ್ಲಿ ನಿಲ್ಲುತ್ತಿದ್ದಳು. ಅವಳದು ಪ್ರತಿ ಸಲವೂ ಒಂದೇ ಪ್ರಶ್ನೆ. "ಅವ್ವಾ, ಅವನ್ದು ಏನಾದ್ರೂ ಗೊತ್ತಾಯ್ತಾ?"

"ಆಚೆ ದಡದಲ್ಲಿ ಕಂಡವರಿದ್ದಾರಂತೆ, ಗೌಡರು ಹೇಳಿದ್ರು" ಎನ್ನುತ್ತಿದ್ದಳು ಶಾಂತಮ್ಮ. ಗಂಡ ಹೇಳಿದ್ದನ್ನು ಅವಳು ನಂಬಿದ್ದಳು. ನಂಬದೆ ಇರುವುದಕ್ಕೆ ಆಗ ಕಾರಣವಿರಲಿಲ್ಲ.

ಒಂದು ದಿನ ಕೆಂಚ ಮೈ ಎಳೆಯುವುದನ್ನು ಕಾರ್ತುವೂ ನೋಡಿದಳು. ಅದು ತಟಕ್ಕನೆ ತಿರುಗಿ ಬೆನ್ನ ಹಿಂದೆ ನೋಡಿದಾಗ ಅವಳ ಮುಖ ಬಿಳುಚಿಕೊಂಡಿತು. "ಅವ್ವಾ, ಅದರ ಹಿಂಗಾಲ ಯಾರೋ ಹಿಡ್ಕಂಡವ್ರೆ."

"ಸುಮ್ಮನಿರು, ಹುಚ್ಚಿ."

"ಸುಮ್ನೆ ಹೆಂಗಿರ್ಲಿ? ಸತ್ತವ್ನಿಗೆ ಎಲೆ ಮ್ಯಾಲೆ ಕೂಳಿಟ್ಟು, ಹೆಸರ ಕರ್ದು, ಹಿರಿಯರ ಜೊತೆ ಸೇರಿಸ್ಬೇಕು. ಸೇರಿಸ್ದೆ ಬಿಟ್ರೆ ಮಳೆಯಾಗೆ ಬಿಸಿಲಾಗೆ ಹೊರ್ಗೇ ಅಲೀತಾನೆ. ಬದುಕಿರೋನ್ಗೆ ಕೂಳಿಟ್ರೆ, ನಾನೇ ಅವನ್ನ ಕೊಂದಂಗೆ. ಏನ್ ಮಾಡ್ಲಿ ಹೇಳಿ. ಸತ್ತವ್ನಾ, ಬದುಕವ್ನಾ, ಅದೊಂದು ಹೇಳಿ ಸಾಕು."

ಶಾಂತಮ್ಮನಿಗೆ ಸಂಕಟವಾಯಿತು. ತನಗೆ ಗಂಡ ಇದ್ದಾನೆ, ಅವನಿಗೆ ಸಿಟ್ಟು ಬಂದರೂ ಹೊಟ್ಟೆ ಹಸಿದರೂ ಗೊತ್ತಾಗುತ್ತದೆ. ಇವಳಿಗೆ ಗಂಡನಿಗಾಗಿ ಅಳಬಹುದೋ ಬಾರದೋ ಎಂಬುದೇ ಗೊತ್ತಿಲ್ಲ. "ನಾನು ಖಂಡಿತ ತಿಳ್ಕೊಂಡು ಹೇಳ್ತೀನಿ" ಎಂದಳು. ಹಾಗೆ ಮಾತು ಕೊಟ್ಟಿದ್ದು ಹೇಗೆ ಎಂದು ಅವಳಿಗೇ ಆಮೇಲೆ ಆಶ್ಚರ್ಯವಾಯಿತು.

ಅಷ್ಟರಲ್ಲಿ ಕೆಂಚನ ಬಾಲದ ಬುಡ ಊದಿಕೊಂಡು, ಅದು ಹಗಲೂ ರಾತ್ರಿ ಅಲ್ಲೇ ನೆಕ್ಕಿಕೊಳ್ಳತೊಡಗಿತು. ಮೀನಂಗಡಿ ಎಂಬ ಊರಿನ ಕಡೆಯಿಂದ ದನಗಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದ ಕಾಂಪೌಂಡರ್ ಶ್ರೀಧರನ್‌ನನ್ನು ಅವಳು ಹಿತ್ತಲಿಗೆ ಕರೆದಳು. ಗೌಡರು ಗದ್ದೆಯಲ್ಲಿದ್ದರು. ಶ್ರೀಧರನ್ ವಾಚಾಳಿ, ಎಲೆಯಡಿಕೆ ಬಾಯಿಯವನು, ಅವಳನ್ನು ಅಕ್ಕ ಎನ್ನುವ ಹಾಗೆ ಮಲಯಾಳದಲ್ಲಿ ಚೇಚೀ ಎಂದು ಕರೆಯುವವನು. ನಾಯಿಯ ಬಾಲ ಎತ್ತಿ ನೋಡಿ, ಒಂದು ಹಳೇ ಬಟ್ಟೆ ಮತ್ತು ಬಿಸಿನೀರು ಕೇಳಿದ. ನಾಯಿಯ ಬಾಯಿಗೆ ಪಂಚೆಯ ಚೂರು ಕಟ್ಟಿಸಿ, ಶಾಂತಮ್ಮನಿಗೆ ಕುತ್ತಿಗೆ ಹಿಡಿದುಕೊಳ್ಳಲು ಹೇಳಿದ. ಬಟ್ಟೆ ಒತ್ತಿ, ಎರಡು ಬೆರಳಿನಲ್ಲಿ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಹಿಂಡಿದ.

ವಾಸನೆ ಬಂತು. ಅದೇ ವಾಸನೆ. ನಡುಹಗಲು, ತೊಡೆಯ ಮೇಲೆ ನಾಯಿ, ಸುತ್ತ ಬಿಸಿಲು. ಶಾಂತಮ್ಮ ನಾಯಿಯ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಇದು... ಇದು ಎಂಥ ನಾತ?"

ಶ್ರೀಧರನ್ ನಕ್ಕ. "ಮೀನು, ಚೇಚೀ! ಒಣಮೀನಿನ ವಾಸನೆ. ನೀವು ಬತ್ತೇರಿ ಸಂತೆಗೆ ಹೋದರೂ ಮೂಗು ಮುಚ್ಚಿಕೊಂಡೇ ಹೋಗೋದಲ್ಲವಾ, ಎಲ್ಲಿ ಗೊತ್ತಾಗಬೇಕು!" ಬಟ್ಟೆ ತೋರಿಸಿದ. ಕಂದು ಬಣ್ಣದ, ಅಂಟಿನಂಥ ಗಟ್ಟಿ ರಸ. "ಎಲ್ಲಾ ನಾಯಿಗೂ ಇಲ್ಲಿ ಆಚೆ ಈಚೆ ಒಂದೊಂದು ಸಣ್ಣ ಚೀಲ ಇರ್ತದೆ. ಮಲ ಗಟ್ಟಿಯಾಗಿ ಹೋದ್ರೆ ಅದೇ ಒತ್ತಿ ಖಾಲಿ ಮಾಡ್ತದೆ. ನೀವೇನು ಹಾಕ್ತೀರಿ? ಗಂಜಿ ಅನ್ನ, ಮಜ್ಜಿಗೆ ಅನ್ನ? ಅದೇ ಕಥೆ. ವೆಳ್ಳನ್ ಹತ್ರ ಮೂಳೆ ಕಡೀತಿದ್ದ ನಾಯಿ, ನಿಮ್ಮ ಮನೆಗೆ ಬಂದು ಮುದುಕರ ಊಟ ಉಣ್ತಾ ಇದೆ. ಮಲ ಸಡಿಲ, ಚೀಲ ತುಂಬಿ ಕಟ್ಟಿಕೊಂಡಿದೆ. ನೋವಿಗೆ ನೆಲಕ್ಕೆ ಉಜ್ತದೆ, ಹಿಂದೆ ತಿರುಗಿ ನೋಡ್ತದೆ. ತೌಡು ಹಾಕಿ, ಬೇಯಿಸಿದ ಸಿಹಿಗುಂಬಳ ಹಾಕಿ. ಉಪ್ಪು ಹಾಕಿದ ಬಿಸಿನೀರಲ್ಲಿ ಒತ್ತಿ. ಮತ್ತೆ ಉಜ್ಜೋದು ಕಂಡ್ರೆ ಮಾತ್ರ ಹಿಂಡಿ, ಸುಮ್ನೆ ಹಿಂಡಬೇಡಿ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಪುರೋಹಿತರು ಪೂಜೆ ಮಾಡಿ ಓಡಿಸಲು ಹೊರಟ ವ್ಯಂತರ ಒಂದು ನಾಯಿಯ ಕುಂಡೆಯಲ್ಲಿ ಕೂತಿತ್ತಲ್ಲ! ಆದರೆ ಒಂದು ಮಾತು ಕೊರೆಯಿತು. "ಸಂಜೆ ಹೊತ್ತಿಗೆ ಮಾತ್ರ ಯಾಕೆ ಬರ್ತದೆ?"

"ಸಂಜೆಗೂ ಇದಕ್ಕೂ ಏನು ಸಂಬಂಧ, ಚೇಚೀ?" ಶ್ರೀಧರನ್ ಕೈ ತೊಳೆಯುತ್ತಾ ಹೇಳಿದ. "ಆದರೆ ಒಂದು. ಜೀವಭಯ ಆದ್ರೆ ಎಂಥ ಆರೋಗ್ಯದ ನಾಯಿಗೂ ಇದು ತಾನಾಗೇ ಬಿಟ್ಟುಹೋಗ್ತದೆ. ಸುಮ್ನೆ ಗದರಿದ್ರೆ ಅಲ್ಲ. ಸಾಯೋ ಅಷ್ಟು ಪೇಡಿ ಆಗಬೇಕು. ಪೇಡಿ ಅಂದ್ರೆ ಗೊತ್ತಲ್ಲ, ಹೆದರಿಕೆ."

ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ನಾಯಿ ಹೊಳೆಯಾಚೆ ಹೋಗುವುದು ಖಂಡಿತ. ಅಲ್ಲದೆ, ಯಾವ ಕೈಯಲ್ಲಿ ಏನು ಮುಟ್ಟಿದ್ದೆ ಎಂದು ವಿವರಿಸಬೇಕಿತ್ತು. ತಲೆಗೆ ನೀರು ಹಾಕಿಕೊಂಡು, ಏನೂ ಆಗದವಳ ಹಾಗೆ ಅಡುಗೆಗೆ ಕೂತಳು. ಆ ಸಂಜೆ ವಾಸನೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಗೌಡರು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡು, ಪೂಜೆ ತಡವಾಗಿ ಫಲ ಕೊಟ್ಟಿತು ಎಂದರು. ಶಾಂತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ತೌಡು, ಕುಂಬಳ ತಿಂದು ಕೆಂಚ ಚೇತರಿಸಿಕೊಂಡಿತು. ಊತ ಇಳಿಯಿತು, ನೆಲಕ್ಕೆ ಉಜ್ಜುವುದು ನಿಂತಿತು, ಹಿಂದೆ ತಿರುಗಿ ನೋಡುವುದೂ ನಿಂತಿತು. ಶಾಂತಮ್ಮ ಆಗಾಗ ಬಾಲ ಎತ್ತಿ ನೋಡುವಳು, ಎಲ್ಲ ಸರಿಯಾಗಿತ್ತು. ಹಾಗಿದ್ದೂ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಎಲೆಯ ಮುಂದೆ ಗೌಡರ ಕೈ ಮತ್ತೆ ನಿಂತಿತು. ವಾಸನೆ ವಾಪಸು ಬಂದಿತ್ತು. ಕಾಯಿಲೆ ವಾಸಿಯಾಗಿತ್ತು, ವಾಸನೆ ಉಳಿದಿತ್ತು. ಹಿತ್ತಲಿಗೆ ಹೋಗಿ ನೋಡಿದರೆ ಕೆಂಚ ಒರಳುಕಲ್ಲಿನ ಹಿಂದೆ ಅಡಗಿ, ಬಾಲವನ್ನು ಹೊಟ್ಟೆಗೆ ಅವುಚಿಕೊಂಡು, ಹಲ್ಲು ಕಟಕಟಿಸುವಷ್ಟು ನಡುಗುತ್ತಿತ್ತು. ಅದು ಕಾಡಿನ ಕಡೆ ನೋಡುತ್ತಿರಲಿಲ್ಲ. ಶುಂಠಿ ಪಾತಿಯ ಕಡೆಯೂ ನೋಡುತ್ತಿರಲಿಲ್ಲ. ಅದರ ಕಣ್ಣು ಮನೆಯ ಒಳಬಾಗಿಲ ಮೇಲಿತ್ತು.

ಅಲ್ಲಿಂದ ಶಾಂತಮ್ಮನಿಗೆ ಸಂಜೆ ಎಂದರೆ ಮೊದಲಿನ ದಿಗಿಲಿಗಿಂತ ಬೇರೆಯೇ ದಿಗಿಲು ಹಿಡಿಯಿತು. ಹೊತ್ತು ಇಳಿಯುವಾಗ ಈ ಮನೆಗೆ ಏನು ಬರುತ್ತದೆ? ನಾಯಿಗೆ ಕಾಣುವುದು ತನಗೆ ಯಾಕೆ ಕಾಣುವುದಿಲ್ಲ? ಒಳಬಾಗಿಲಲ್ಲಿ ನಿಂತು ಅವಳು ತನ್ನ ಮನೆಯನ್ನೇ ಹೊಸದಾಗಿ ನೋಡುತ್ತಿದ್ದಳು. ಭತ್ತದ ಪತ್ತಾಯ, ದೇವರ ಗೂಡು, ತೂಗುವ ದೀಪ, ಗೋಡೆಯ ಮೇಲೆ ಜಾರುವ ಕೆಂಪು ಬಿಸಿಲು. ಏನೂ ಇಲ್ಲ. ಎಲೆಯ ಮುಂದೆ ಗಂಡ, ಅಷ್ಟೇ.

ಜಮೀನಿನ ವ್ಯಾಜ್ಯಕ್ಕೆಂದು ಗೌಡರು ಮಾನಂತವಾಡಿಗೆ ಹೋಗಿ ಅಲ್ಲೇ ಉಳಿಯಬೇಕಾಯಿತು. ಆ ಸಂಜೆ ಶಾಂತಮ್ಮ ಬೇಕೆಂದೇ ಹಿತ್ತಲ ಜಗಲಿಯಲ್ಲಿ ಕೆಂಚನ ಪಕ್ಕ ಕೂತಳು. ಸೂರ್ಯ ಕಾಡಿನ ನೆತ್ತಿಗೆ ತಾಗಿದ. ಮುಳುಗಿದ. ಕೆಂಚ ಆಕಳಿಸಿ, ಅವಳ ಕಾಲ ಮೇಲೆ ತಲೆಯಿಟ್ಟು ಮಲಗಿತು. ಮರುದಿನ ಸಂಜೆಯೂ ಹಾಗೆಯೇ. ವಾಸನೆ ಹೋಯಿತಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಯೋಚನೆ ಬಾಗಿಲವರೆಗೂ ಬಂದು ನಿಂತಿತ್ತು, ಅವಳು ಒಳಗೆ ಬಿಟ್ಟುಕೊಂಡಿರಲಿಲ್ಲ.

ಅದರ ಮಾರನೆಯ ದಿನ, ಬಿಸಿಲು ಚೆನ್ನಾಗಿ ಏರಿದ ಹೊತ್ತು. ಅವಳು ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಕೆಂಚ ಚಾಪೆಯ ತುದಿಯಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಬಿಸಿಲು ಕಾಯಿಸುತ್ತಿತ್ತು. ಕೆಳಗೆ ಬೇಲಿಯ ಉಣುಗೋಲಿನ ಹತ್ತಿರ ಒಂದು ಕೆಮ್ಮು ಕೇಳಿಸಿತು. ಗೌಡರದು. ಬೆಳಗಿನ ಬಸ್ಸಿಗೆ ಬಂದಿದ್ದರು.

ಕೆಂಚ ನೆಟ್ಟಗೆ ಎದ್ದು ನಿಂತಿತು. ಮರುಕ್ಷಣ ಅದರ ಹಿಂಗಾಲು ಕುಸಿಯಿತು. ಕಿವಿ ತಲೆಗೆ ಅಂಟಿತು. ಓಡಲೂ ಆಗದೆ, ಬೊಗಳಲೂ ಆಗದೆ, ಮೆಣಸಿನ ಮೇಲೆ ಹೊಟ್ಟೆಯೂರಿ ನಡುಗಿತು. ಹಾಡಹಗಲಿನ ಬಿಸಿಲಲ್ಲಿ ಆ ವಾಸನೆ ಎದ್ದಿತು.

ಸಂಜೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಮನೆಯಲ್ಲಿ ಹೊತ್ತು ಮುಳುಗುವುದೂ ಗಂಡ ಕೆಮ್ಮುತ್ತಾ ಒಳಗೆ ಬರುವುದೂ ಒಂದೇ ಗಳಿಗೆಯಲ್ಲಿ ಆಗುತ್ತಿತ್ತು. ಒಂದನ್ನು ಇನ್ನೊಂದರಿಂದ ಬಿಡಿಸಿ ನೋಡಬೇಕೆಂದು ಯಾರಿಗೆ ಹೊಳೆಯಬೇಕು?

ಗೌಡರು ಅಂಗಳಕ್ಕೆ ಕಾಲಿಟ್ಟವರು ನಿಂತರು. ಮೂಗಿನ ಹೊಳ್ಳೆ ಅರಳಿತು. ಕೈಯಲ್ಲಿದ್ದ ಕೊಡೆ ಕೆಳಗೆ ಬಿತ್ತು. ಅವರು ನಾಯಿಯನ್ನು ನೋಡಲೇ ಇಲ್ಲ, ಸುತ್ತಲಿನ ಖಾಲಿ ಬಿಸಿಲನ್ನು ನೋಡಿದರು. "ಹಗಲಲ್ಲೂ ಬರೋಕೆ ಶುರು ಮಾಡಿದ್ನಾ?"

"ಯಾರು?" ಎಂದಳು ಶಾಂತಮ್ಮ.

ಗೌಡರು ಬಿದ್ದ ಕೊಡೆಗಾಗಿ ಬಗ್ಗಿದರು.

"ಬೈರಕುಪ್ಪೆಯಲ್ಲಿ ಬದುಕಿರೋನು ಇಲ್ಲಿಗೆ ವಾಸನೆಯಾಗಿ ಹೇಗೆ ಬರ್ತಾನೆ? ಹೇಳಿ."

ಗೌಡರು ಜಗಲಿಯ ಅಂಚಿನಲ್ಲಿ ಕೂತರು. "ನಾನು ಕೈ ಮುಟ್ಟಿಸಲಿಲ್ಲ, ಶಾಂತಾ. ದೇವರಾಣೆ ಕೈ ಮುಟ್ಟಿಸಲಿಲ್ಲ. ಆ ರಾತ್ರಿ ಗುಡಿಸಲ ಮುಂದೆ ನಿಂತು ಕೆಮ್ಮಿದೆ, ಅವನ ಹೆಸರು ಕರೆದೆ, ಅಷ್ಟೇ. ನನ್ನ ದನಿ ಕೇಳಿದ್ರೆ ಮಾತ್ರ ಹೊರಗೆ ಬರ್ತಾನೆ ಅಂದ್ರು ಎಸ್ಟೇಟಿನ ರೌಡಿಗಳು. ಹೆದರಿಸಿ ಆಚೆ ದಡಕ್ಕೆ ಬಿಟ್ಟು ಬರ್ತೀವಿ ಅಂದಿದ್ರು. ನಾಯಿಯೂ ಅವರ ಹಿಂದೇ ಹೋಯ್ತು."

"ಬಿಟ್ರಾ ಆಚೆ ದಡಕ್ಕೆ?"

"ಹೊಳೆ ತುಂಬಿತ್ತು" ಎಂದರು ಗೌಡರು.

ಬಟ್ಟೆಯಲ್ಲಿ ಉಳಿದ ಹುಳುವನ್ನು ಬಾವಿಗೆ ಬಿಡುವ ಕೈ ಅದು. ಆ ಕೈಯನ್ನು ನೋಡಿ ಶಾಂತಮ್ಮನಿಗೆ ಹೇಸಿಗೆಯಾಯಿತು. ನಾಯಿಯ ಚೀಲ ಹಿಂಡಿದಾಗ ಆಗದಿದ್ದ ಹೇಸಿಗೆ.

ಅವಳು ಮೆಣಸನ್ನು ಹಾಗೇ ಬಿಟ್ಟು, ಕೆಂಚನನ್ನು ಕರೆದುಕೊಂಡು ಹಾಡಿಗೆ ನಡೆದಳು. ಗೌಡರ ಮನೆಯ ಹೆಂಗಸು ಅಲ್ಲಿಗೆ ಕಾಲಿಟ್ಟದ್ದೇ ಇಲ್ಲ, ಹಾಡಿಯ ಜನ ಎದ್ದು ನಿಂತರು. ಕಾರ್ತು ಬಿದಿರು ಸೀಳುತ್ತಿದ್ದಳು. ಶಾಂತಮ್ಮನ ಮುಖ ನೋಡಿ ಕತ್ತಿ ಕೆಳಗಿಟ್ಟಳು.

"ಕಾರ್ತು, ಕೂಳಿಡು" ಎಂದಳು ಶಾಂತಮ್ಮ.

ಕಾರ್ತು ಸೀಳಿದ ಬಿದಿರನ್ನೆಲ್ಲ ಒಂದು ಕಡೆ ಸರಿಸಿದಳು. ಆಮೇಲೆ ಕೇಳಿದ್ದು ಒಂದೇ. "ಯಾವ ಕಡೆ ಮುಖ ಮಾಡಿ ಕರೀಲಿ, ಅವ್ವಾ?"

"ಹೊಳೆ ಕಡೆ."

ಆಗ ಕಾರ್ತು ಅತ್ತಳು. ಅಷ್ಟು ತಿಂಗಳ ಅಳು. ಶಾಂತಮ್ಮ ತಾನು ಕಂಡದ್ದು, ಗಂಡ ಆಡಿದ್ದು, ಒಂದೂ ಬಿಡದೆ ಹೇಳಿದಳು. "ಸ್ಟೇಷನ್ನಿಗೆ ಬೇಕಾದರೂ ಬಂದು ಹೇಳ್ತೀನಿ" ಎಂದಳು. ಕಾರ್ತುವಿನ ಅಣ್ಣ ತಲೆ ಅಲ್ಲಾಡಿಸಿದ. ಆ ವರ್ಷಗಳಲ್ಲಿ ಹಾಡಿಯವನು ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಇಳಿದು ಬರುವ ಖಾತ್ರಿ ಇರಲಿಲ್ಲ. "ಮೊದ್ಲು ಅವ್ನು ಮನೆಗೆ ಬರ್ಲಿ" ಎಂದಳು ಕಾರ್ತು. ಹೊಳೆಯ ಕಡೆ ಮುಖ ಮಾಡಿ ಎಲೆಯಲ್ಲಿ ಅನ್ನವಿಟ್ಟು ವೆಳ್ಳನ್‌ನ ಹೆಸರು ಕರೆದಾಗ, ಕೆಂಚ ಕಿವಿ ನಿಮಿರಿಸಿ ಎದ್ದು, ಬಾಲ ಅಲ್ಲಾಡಿಸಿತು. ನೀರಿನ ಕಡೆಯಿಂದ ಯಾರೋ ನಡೆದು ಬರುವುದನ್ನು ನೋಡುವ ಹಾಗೆ ಅದರ ತಲೆ ಮೆಲ್ಲಗೆ ತಿರುಗುತ್ತಾ ಬಂದು, ಎಲೆಯ ಹತ್ತಿರ ನಿಂತಿತು. ಅಲ್ಲಿ ಒಂದಿಷ್ಟೂ ವಾಸನೆ ಇರಲಿಲ್ಲ. ಇದನ್ನು ಶಾಂತಮ್ಮ ತನ್ನ ಕಣ್ಣಾರೆ ನೋಡಿದಳು, ಕೊನೆಯವರೆಗೂ ಅದಕ್ಕೆ ಕಾರಣ ಹುಡುಕಲು ಹೋಗಲಿಲ್ಲ.

ಮುಂದೆ ಗುಡಿಸಲಿನ ನೆಲದ ವಿಚಾರಣೆಗೆ ಅಧಿಕಾರಿ ಬಂದು, ಇಲ್ಲಿ ಗುಡಿಸಲು ಇತ್ತೇ ಎಂದು ಕೇಳಿದ. ಗೌಡರು ಉತ್ತರಿಸುವ ಮೊದಲೇ ಶಾಂತಮ್ಮ ಶುಂಠಿ ಪಾತಿಯ ನಡುವೆ ಹೋಗಿ ನಿಂತು, ಇಲ್ಲಿ ಒಲೆಯಿತ್ತು, ಇಲ್ಲಿ ಬಾಗಿಲಿತ್ತು ಎಂದು ತೋರಿಸಿದಳು. ಕಾರ್ತುವಿಗೆ ಆ ನೆಲ ಸಿಕ್ಕಿತು. ನಾಯಿ ಮಾತ್ರ ಎರಡೂ ಕಡೆ ಓಡಾಡಿಕೊಂಡಿತ್ತು. ಶಾಂತಮ್ಮ ಅದಕ್ಕೆ ತೌಡು ತಪ್ಪಿಸಲಿಲ್ಲ, ಉಜ್ಜುವುದು ಕಂಡರೆ ಬಿಸಿನೀರು ಕಾಯಿಸಿ ತಾನೇ ಚೀಲ ಹಿಂಡುತ್ತಿದ್ದಳು. ನೋವಿನದಾದರೆ ಅವಳು ಕಳೆಯಬಲ್ಲಳು. ಭಯದ್ದು ಅವಳ ಕೈಯಲ್ಲಿರಲಿಲ್ಲ.

ಅವಳು ಆ ಮನೆ ಬಿಟ್ಟು ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಎಲೆ ಹಾಕಿದಳು, ಬಡಿಸಿದಳು. ವಾಸನೆ ಎಲ್ಲಿಂದ ಬರುತ್ತದೆ ಎಂಬ ಒಂದು ಮಾತು ಹೇಳಿದ್ದರೆ ಗೌಡರ ದಿಗಿಲು ಆವತ್ತೇ ಕಳೆಯುತ್ತಿತ್ತು.

ಸೂರ್ಯ ಕಾಡಿನ ನೆತ್ತಿಗೆ ತಾಗಿರುತ್ತಿದ್ದ. ಗೌಡರು ಎತ್ತಿದ ತುತ್ತನ್ನು ಎಲೆಗೆ ಇಳಿಸಿ, ಒಣಗಿದ ಮುಖ ಎತ್ತಿ ಕೇಳುತ್ತಿದ್ದರು. "ಕೂಳಿಟ್ಟಾಯ್ತಲ್ಲ... ಇನ್ನೂ ಬರ್ತಿದೆಯಲ್ಲ ಶಾಂತಾ, ನಿನಗೆ ಬರ್ತಿಲ್ವಾ?"

ಶಾಂತಮ್ಮ ಅನ್ನದ ಮೇಲೆ ತುಪ್ಪ ಹಾಕುತ್ತಾ, "ಇಲ್ಲವಲ್ಲ, ನನಗೇನೂ ಬರ್ತಿಲ್ಲ" ಎನ್ನುತ್ತಿದ್ದಳು.